ಅಳತೆಯ ವಾರ

ನಮ್ಮ ಶಾಲೆಯ 4 ಮತ್ತು 5ನೇ ತರಗತಿಗಳಲ್ಲಿ ಫೆಬ್ರವರಿಯ 2ನೇ ವಾರ ಪುಸ್ತಕ ತೆರೆಯುತ್ತಿರಲಿಲ್ಲ. ಅದು ಅಳತೆಯ ವಾರ. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳ ಸಂತೆ. ಅದಕ್ಕೆ ಬೇಕಾದ ಮೀಟರ್ ಪಟ್ಟಿ, ತಕ್ಕಡಿ, ತೂಕದ ಕಲ್ಲು, ಲೀಟರ್ ಅಳತೆ ಎಲ್ಲವನ್ನೂ ಅದಕ್ಕೂ ಮೊದಲಿನ 5 ದಿನಗಳಲ್ಲಿ ಮಕ್ಕಳೇ ಮಾಡಬೇಕು. ಅಂಗಡಿಯಿಂದ ತರುವ ಹಾಗಿಲ್ಲ. ನಲಿ-ಕಲಿಯಲ್ಲಿ, ಅಂದರೆ ಸರ್ಕಾರಿ ಶಾಲೆಯ 1ರಿಂದ 3ನೇ ತರಗತಿಯ ಚಟುವಟಿಕೆಯ ಕಲಿಕೆಯಲ್ಲಿ, 3 ವರ್ಷ ಕಾರ್ಡು ಹಿಡಿದು ಕಲಿತ ಮಕ್ಕಳು 4ನೇ ತರಗತಿಗೆ ಬಂದ ಕೂಡಲೇ ಕಪ್ಪುಹಲಗೆಯ ಮುಂದೆ ಸುಮ್ಮನೆ ಕೂರುವಂತಾಗುತ್ತದೆ. ಅಂಥವರ ಕೈಗೆ ಮತ್ತೆ ಕೆಲಸ ಸಿಗುತ್ತಿದ್ದದ್ದು ಈ ವಾರದಲ್ಲಿ. ಈಗಿನ ಶಿಕ್ಷಕರು ಮತ್ತೆ ಶುರುಮಾಡಲಿ ಎಂಬ ಆಸೆಯಿಂದ, ನೆನಪಿರುವ ವಿಧಾನವನ್ನೇ ಇಲ್ಲಿ ಬರೆದಿದ್ದೇನೆ.

ಸೋಮವಾರ ಉದ್ದದ ಅಳತೆ. ಮೊದಲು ಕಪ್ಪುಹಲಗೆಯನ್ನು ಗೇಣಿನಲ್ಲಿ ಅಳೆಯುವುದು. ಒಬ್ಬರಿಗೆ 14 ಗೇಣು ಬಂದರೆ ಇನ್ನೊಬ್ಬರಿಗೆ 16. ಮೊಳದಲ್ಲೂ ಅದೇ ಕಥೆ. ಎಲ್ಲರಿಗೂ ಒಂದೇ ಅಳತೆ ಬೇಕು ಎಂಬ ಮಾತು ಮಕ್ಕಳ ಬಾಯಿಂದ ಬಂದ ಮೇಲೆ ಮೀಟರ್ ಪಟ್ಟಿಯ ಕೆಲಸ. ಹಳೆಯ ಕ್ಯಾಲೆಂಡರಿನ ದಪ್ಪ ಕಾಗದದಿಂದ 25 ಸೆಂ.ಮೀ. ಉದ್ದದ 4 ತುಂಡು ಕತ್ತರಿಸಿ ಅಂಟಿಸಿದರೆ ಮೀಟರ್ ಆಗುವುದಿಲ್ಲ, ಅಂಟು ಹಚ್ಚಿ ಒಂದರ ಮೇಲೊಂದು ಕೂರಿಸಿದ ಜಾಗ ಉದ್ದವನ್ನು ತಿಂದುಬಿಡುತ್ತದೆ. 3 ತುಂಡು 26 ಸೆಂ.ಮೀ., ಕೊನೆಯದು 25 ಸೆಂ.ಮೀ. ಇಟ್ಟು, ಪ್ರತಿ ಜೋಡಣೆಗೆ ಸರಿಯಾಗಿ 1 ಸೆಂ.ಮೀ. ಕೊಡಬೇಕು. ಇನ್ನೊಂದು ತಪ್ಪು ಸ್ಕೇಲಿನದು. ಎಷ್ಟೋ ಸ್ಕೇಲುಗಳಲ್ಲಿ ಸೊನ್ನೆಯ ಗೆರೆ ಅಂಚಿನಿಂದ ಸ್ವಲ್ಪ ಒಳಗಿರುತ್ತದೆ. ಅಂಚಿನಿಂದಲೇ ಅಳೆದವರ ಪಟ್ಟಿ ಪ್ರತಿ ತುಂಡಿಗೂ ಅಷ್ಟಷ್ಟು ಹೆಚ್ಚಾಗುತ್ತಾ ಹೋಗುತ್ತದೆ.

ಮಂಗಳವಾರ, ಬುಧವಾರ ತಕ್ಕಡಿ. ಇಡೀ ವಾರದ ಜೀವ ಇದರಲ್ಲೇ ಇತ್ತು ಎನ್ನುತ್ತೇನೆ. ಬೇಕಾದದ್ದು 40 ಸೆಂ.ಮೀ. ಉದ್ದ, ಎರಡೂವರೆ ಸೆಂ.ಮೀ. ಅಗಲದ ಬಿದಿರಿನ ದಬ್ಬೆ, ಹೆರೆದು ಒಣಗಿಸಿದ 2 ತೆಂಗಿನ ಕರಟ, ಗೋಣಿ ಹೊಲಿಯುವ ದಾರ. ದಬ್ಬೆಯನ್ನು ಅದರ ಅಗಲ ಮೇಲೆ-ಕೆಳಗೆ ಬರುವಂತೆ ನಿಲ್ಲಿಸಿ ಹಿಡಿದು, ಎರಡೂ ತುದಿಯಿಂದ 1 ಸೆಂ.ಮೀ. ಒಳಗೆ, ಕೆಳ ಅಂಚಿನ ಹತ್ತಿರ ಒಂದೊಂದು ತೂತು. ಸರಿಯಾಗಿ ನಡುವಿನ ತೂತು ಮಾತ್ರ ಮೇಲಿನ ಅಂಚಿನ ಹತ್ತಿರ ಇರಬೇಕು. ಇದು ತಿರುಗುಮುರುಗಾದರೆ, ಅಂದರೆ ನಡುವಿನ ತೂತು ತುದಿಯ ತೂತುಗಳಿಗಿಂತ ಕೆಳಗಾದರೆ, ತಕ್ಕಡಿ ಎಂದೂ ಸಮ ನಿಲ್ಲದು. ಒಂದು ಕಡೆಗೆ ವಾಲಿ ಹಾಗೇ ಬಿದ್ದಿರುತ್ತದೆ. ಕಾದ ಮೊಳೆಯಿಂದ ತೂತು ಹಾಕುವ ಕೆಲಸ ಮೇಷ್ಟ್ರದು, ಗುರುತು ಹಾಕುವುದು ಮಕ್ಕಳದು.

ಕರಟಕ್ಕೆ ಬಾಯಿಯಿಂದ 1 ಸೆಂ.ಮೀ. ಕೆಳಗೆ, ಸಮ ಅಂತರದಲ್ಲಿ 3 ತೂತು. ಅಂಚಿಗೆ ಇನ್ನೂ ಹತ್ತಿರ ಹಾಕಿದರೆ ಕರಟ ಸೀಳುತ್ತದೆ. ಕಣ್ಣಿರುವ ಹೋಳಿನಲ್ಲಿ ಮೆತ್ತಗಿನ ಕಣ್ಣಿನಿಂದ ಹಿಟ್ಟು, ಸಕ್ಕರೆ ಸೋರುವುದರಿಂದ ಅದನ್ನು ಮೇಣದಿಂದ ಮುಚ್ಚಬೇಕು. ಪ್ರತಿ ಕರಟಕ್ಕೆ 35 ಸೆಂ.ಮೀ.ನ 3 ದಾರ. ಮೂರರ ತುದಿಯನ್ನೂ ಒಟ್ಟಿಗೆ ಹಿಡಿದು, ಕರಟ ವಾಲದೆ ನಿಂತಿದೆಯೇ ನೋಡಿ, ಆಮೇಲೆ ಗಂಟು.

ಎರಡು ಕರಟ ಒಂದೇ ತೂಕ ಇರುವುದಿಲ್ಲ. ಹಗುರ ಇರುವ ಕರಟದ ತಳಕ್ಕೆ ಜೇಡಿಮಣ್ಣು ಮೆತ್ತಿ ಸಮ ಮಾಡುವುದು ಎಲ್ಲರಿಗೂ ತಾನಾಗಿ ಹೊಳೆಯುತ್ತದೆ. ದಬ್ಬೆ ನೆಟ್ಟಗೆ ನಿಂತ ಕೂಡಲೇ ತಕ್ಕಡಿ ಸಿದ್ಧ ಎಂದುಕೊಳ್ಳುತ್ತಾರೆ. ಮೋಸ ಇರುವುದು ಅಲ್ಲೇ. ನಡುವಿನ ತೂತು ಅರ್ಧ ಸೆಂ.ಮೀ. ಆಚೀಚೆ ಆಗಿದ್ದರೆ ಒಂದು ತೋಳು ಹದಿನೆಂಟೂವರೆ, ಇನ್ನೊಂದು ಹತ್ತೊಂಬತ್ತೂವರೆ ಸೆಂ.ಮೀ. ಆಗುತ್ತದೆ. ಮಣ್ಣು ಮೆತ್ತಿದ್ದರಿಂದ ಖಾಲಿ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ, ಆದರೆ 250 ಗ್ರಾಂ ತೂಗಿದಾಗ ಸುಮಾರು 13 ಗ್ರಾಂ ಹೆಚ್ಚೋ ಕಡಿಮೆಯೋ ಆಗುತ್ತದೆ. ಪತ್ತೆಹಚ್ಚುವ ದಾರಿ ಸುಲಭ: ತೂಗಿ ಸಮ ಮಾಡಿದ ಮೇಲೆ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ನೋಡುವುದು. ಆಗಲೂ ಸಮ ನಿಂತರೆ ತೋಳು ಸರಿ. ವಾಲಿದರೆ ಮಣ್ಣು ಕಿತ್ತು, ತೂತು ಬದಲಿಸಬೇಕು.

ತೂಕದ ಕಲ್ಲಿಗೆ ನೀರೇ ಆಧಾರ. 1 ಮಿಲಿಲೀಟರ್ ನೀರು 1 ಗ್ರಾಂ. ಔಷಧಿ ಅಂಗಡಿಯ 10 ಮಿ.ಲೀ. ಸಿರಿಂಜಿನಲ್ಲಿ, ಸೂಜಿ ಇಲ್ಲದೆ, ಗುಳ್ಳೆ ನಿಲ್ಲದಂತೆ 10 ಸಲ ನೀರೆಳೆದು ಪ್ಲಾಸ್ಟಿಕ್ ಕವರಿಗೆ ತುಂಬಿದರೆ 100 ಗ್ರಾಂ. ಮರಳು ತುಂಬಬೇಕಾದ ಬಟ್ಟೆಯ ಚೀಲ ಆ ಕಡೆ, ಅದರಂಥದೇ ಖಾಲಿ ಚೀಲ ನೀರಿನ ಜೊತೆ. ಖಾಲಿ ಕವರೊಂದು ಮರಳಿನ ಜೊತೆ. ಹೀಗೆ ಮಾಡಿದರೆ ಚೀಲ, ಕವರುಗಳ ತೂಕ ಲೆಕ್ಕಕ್ಕೆ ಬರುವುದಿಲ್ಲ. ಆಮೇಲೆ 100 ಗ್ರಾಂ ಮರಳನ್ನು ಎರಡು ಕರಟಕ್ಕೆ ಸಮ ಹಂಚಿದರೆ 50, ಅದನ್ನೂ ಹಂಚಿದರೆ 25. ಅರ್ಧ ಮಾಡುತ್ತಾ ಹೋದರೆ 20 ಸಿಗುವುದಿಲ್ಲ. ಅದಕ್ಕೆ ಮತ್ತೆ ಸಿರಿಂಜೇ ಬೇಕು. ಮರಳು ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ್ದಾಗಿರಬೇಕು. ಒದ್ದೆ ಮರಳಿನ 100 ಗ್ರಾಂ ಸಂತೆಯ ಹೊತ್ತಿಗೆ ಒಣಗಿ 100 ಗ್ರಾಂ ಆಗಿ ಉಳಿಯುವುದಿಲ್ಲ.

ಗುರುವಾರ ಲೀಟರ್. 1962ರ ಏಪ್ರಿಲ್‌ನಲ್ಲೇ ದೇಶದಲ್ಲಿ ಮೆಟ್ರಿಕ್ ತೂಕ ಕಡ್ಡಾಯವಾದರೂ ಮನೆಮನೆಯಲ್ಲಿ ಅಕ್ಕಿಗೆ ಪಾವು, ಸೇರುಗಳೇ ಇದ್ದವು. ಅವನ್ನೂ ತಂದು ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದೆವು. ನೀರಿನ ಬಾಟಲಿಯ ಕತ್ತು ಕತ್ತರಿಸಿ, ಮೈಗೆ ಕಾಗದದ ಪಟ್ಟಿ ಅಂಟಿಸಿ, 100 ಮಿ.ಲೀ. ಸುರಿದಾಗಲೆಲ್ಲ ಒಂದು ಗೆರೆ. ಬಾಟಲಿಯ ಸೊಂಟ ಸಣ್ಣದಿರುವಲ್ಲಿ ಗೆರೆಗಳು ದೂರ ದೂರ, ಹೊಟ್ಟೆ ದಪ್ಪವಿರುವಲ್ಲಿ ಹತ್ತಿರ ಹತ್ತಿರ. ಸ್ಕೇಲಿಟ್ಟು ಸಮವಾಗಿ ಗೆರೆ ಎಳೆದವರ ಅಳತೆ ಇಲ್ಲಿ ಕೆಡುತ್ತದೆ.

ಶುಕ್ರವಾರ ನೆರಳು. 1 ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, 11 ಗಂಟೆಯಿಂದ ಕಾಲು ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲು. ಅತಿ ಗಿಡ್ಡ ನೆರಳು 12ಕ್ಕಲ್ಲ, ಮೈಸೂರಿನ ಕಡೆ ಆ ವಾರದಲ್ಲಿ 12.37ರ ಸುಮಾರಿಗೆ. ನಮ್ಮ ಗಡಿಯಾರ ನಡೆಯುವುದು ನಮಗಿಂತ ಪೂರ್ವದ, 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಅದರಿಂದ 23 ನಿಮಿಷ. ಫೆಬ್ರವರಿಯಲ್ಲಿ ಸೂರ್ಯನೇ 14 ನಿಮಿಷ ತಡ. ಆಗ ನೆರಳಿನ ಉದ್ದ ಸುಮಾರು 50 ಸೆಂ.ಮೀ., ಬೀಳುವ ದಿಕ್ಕು ಉತ್ತರ. 12.30ರಿಂದ 12.45ರವರೆಗೆ ಮಾತ್ರ 5 ನಿಮಿಷಕ್ಕೊಮ್ಮೆ ಗುರುತು ಹಾಕಬೇಕು, ಇಲ್ಲದಿದ್ದರೆ ಗಿಡ್ಡದ್ದು ಯಾವುದೆಂದು ತಿಳಿಯುವುದೇ ಇಲ್ಲ.

ಸಂತೆಯಲ್ಲಿ ಬೆಲೆಯನ್ನು ಮೊದಲೇ ಯೋಚಿಸಿ ಬರೆಯಬೇಕು. ಬದನೆ ಕಿಲೋಗೆ 30 ಎಂದರೆ ಕಾಲು ಕಿಲೋಗೆ ಏಳೂವರೆ ರೂಪಾಯಿ. ಚಿಲ್ಲರೆ ಎಲ್ಲಿಂದ ತರುವುದು? 20, 24, 40, ಹೀಗೆ ನಾಲ್ಕರಿಂದ ಭಾಗವಾಗುವ ಬೆಲೆ ಹಾಕಿದರೆ ತೊಂದರೆಯಿಲ್ಲ. ಕರಟದ ತಕ್ಕಡಿಯಲ್ಲಿ ಒಮ್ಮೆಗೆ 250 ಗ್ರಾಂ ಮಾತ್ರ, ಅದಕ್ಕೂ ಹೆಚ್ಚು ಬೇಕಾದವರಿಗೆ ಎರಡು ಸಲ ತೂಗಬೇಕು. ಸೊಪ್ಪು ಕಟ್ಟಿನ ಲೆಕ್ಕದಲ್ಲಿ. ಕೊಳ್ಳಲು ಬರುವ ಅಮ್ಮಂದಿರು, ಅಜ್ಜಿಯಂದಿರು ಚೌಕಾಸಿಯನ್ನಂತೂ ಬಿಡುವುದಿಲ್ಲ. ಆದರೆ ಅಲ್ಲಿ ಹೆಚ್ಚು ಕೇಳಿಬರುತ್ತಿದ್ದದ್ದು ಬೇರೆ ಮಾತು. ಪಕ್ಕದ ಅಂಗಡಿಯ ಹುಡುಗಿ ಬಂದು ನಿಂತು, "ಏಯ್, ಅದಲು-ಬದಲು ಮಾಡಿ ತೂಗೋ" ಎನ್ನುತ್ತಿದ್ದಳು. ಅಂಗಡಿಯವನು ಮರುಮಾತಿಲ್ಲದೆ ಟೊಮೆಟೊವನ್ನು ಬಲಗಡೆಯ ಕರಟಕ್ಕೆ ಸುರಿಯುತ್ತಿದ್ದ.