ಕೆಂಚನ ಕೂಗು ಒಡೆದ ದಿನ

ನಮ್ಮ ಗಿರಿರಾಜ ತಳಿಯ ಹುಂಜ ಕೆಂಚ ಬೆಳಗ್ಗೆ 5ಕ್ಕೆ ಕೂಗಿದರೆ ಪಕ್ಕದ ತೋಟದವರೆಗೂ ಕೇಳುತ್ತದೆ. ಕಳೆದ ಶ್ರಾವಣದಲ್ಲಿ ಒಂದು ದಿನ ಆ ಕೂಗು ಅರ್ಧಕ್ಕೇ ಒಡೆಯಿತು. ಎತ್ತಿಕೊಂಡು ಬೆನ್ನಿಗೆ ಕಿವಿ ಇಟ್ಟೆ. ಒಳಗೆ ಗೊರಗೊರ. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಕಣ್ಣಿನ ಮೂಲೆಯಲ್ಲಿ ನೊರೆ.

ಮೊದಲು ಹೆದರಿದ್ದು ರಾಣಿಖೇತ್ ಅನ್ನೋ ಕೋಳಿಗಳ ವೈರಸ್ ರೋಗಕ್ಕೆ. ಆದರೆ ಹಸಿರು ಹಿಕ್ಕೆ ಇರಲಿಲ್ಲ, ಕುತ್ತಿಗೆ ತಿರುಚಿರಲಿಲ್ಲ, ಲಸಿಕೆಯೂ ಆಗಿತ್ತು. ಮುಖ ಊದಿ ಕೆಟ್ಟ ವಾಸನೆ ಬಂದಿದ್ದರೆ ಕೊರೈಜಾ (ಕೋಳಿಗಳ ಶೀತರೋಗ) ಅನ್ನಬಹುದಿತ್ತು. ಪಶುವೈದ್ಯರು ನೋಡಿ, ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸಿಆರ್‌ಡಿ (ದೀರ್ಘಕಾಲದ ಉಸಿರಾಟದ ರೋಗ) ಇರಬೇಕು ಎಂದು ಟೈಲೋಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟರು. ಅವನನ್ನು ಬೇರೆ ಇಟ್ಟು, ಕುಡಿಯೋ ನೀರಿಗೆ ಬೆರೆಸಿ 5 ದಿನ ಕೊಟ್ಟೆ. ದಿನಾ ಹೊಸದಾಗಿ ಕಲಸಬೇಕು, ಬೇರೆ ನೀರು ಇಡಬಾರದು. ಅಳತೆ ಅವರೇ ಬರೆದುಕೊಟ್ಟರು. ದಯವಿಟ್ಟು ಸುಮ್ನೆ ಅಂದಾಜಿನಲ್ಲಿ ಹಾಕಬೇಡಿ.

ಜಾಸ್ತಿ ನೋವಾದದ್ದು ಗೂಡಿನೊಳಗೆ ಬಗ್ಗಿದಾಗ. ನೆಲಕ್ಕೆ ಹಾಸಿದ್ದ ಒದ್ದೆ ಹೊಟ್ಟಿನಿಂದ ಏಳುತ್ತಿದ್ದ ಅಮೋನಿಯಾ ಅನಿಲಕ್ಕೆ ನನ್ನ ಕಣ್ಣೇ ಉರಿಯಿತು. ಕೆಂಚ ರಾತ್ರಿಯಿಡೀ ಅದನ್ನೇ ಉಸಿರಾಡುತ್ತಿದ್ದ, ಅಲ್ವಾ? ಅವತ್ತೇ ಹೊಟ್ಟು ಬದಲಾಯಿಸಿದೆ. ಗೂಡಿನ ಮೇಲ್ಭಾಗಕ್ಕೆ ಜಾಲರಿ ಕಿಟಕಿ ಇಡಿಸಿದೆ.

ಆರನೇ ದಿನ ಪೂರ್ತಿ ಕೂಗಿದ. ಆದರೆ ಕೋಳಿ ಚೇತರಿಸಿಕೊಂಡರೂ ಮೈಕೋಪ್ಲಾಸ್ಮಾ ಮೈಯಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಹೊಸ ಮರಿಗಳನ್ನು ಅವನ ಜೊತೆ ಬಿಡುತ್ತಿಲ್ಲ.