ಯಾರ ತಪ್ಪು ಅಂತ ಕೇಳಬಾರದಂತೆ

ಹ್ಯೂಸ್ಟನ್, 29 ಆಗಸ್ಟ್ 2025, ಶುಕ್ರವಾರ

ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸಿಗೆ ಬಡಿದು ಇವತ್ತಿಗೆ 20 ವರ್ಷ. ಆಫೀಸ್ ಕ್ಯಾಂಟೀನಿನ ಟಿವಿಯಲ್ಲಿ ಬೆಳಗ್ಗೆಯಿಂದ ಅದೇ ಚಿತ್ರಗಳು. ಸೂಪರ್‌ಡೋಮ್ ಸ್ಟೇಡಿಯಂನ ಹರಿದ ಚಾವಣಿ. ಮನೆ ಮೇಲೆ ನಿಂತು ಬೆಡ್‌ಶೀಟ್ ಬೀಸುತ್ತಿರುವ ಜನ. ಕಿಟಕಿ ಮಟ್ಟ ನೀರಲ್ಲಿ ಸಾಲಾಗಿ ಮುಳುಗಿ ನಿಂತ ಹಳದಿ ಸ್ಕೂಲ್ ಬಸ್ಸುಗಳು. ಬಸ್ಸು ಕಾಣಿಸಿದ್ದೇ ತಡ, ಊಟದ ಮೇಜಲ್ಲಿ ಜಗಳ ಶುರು. ಒಬ್ಬ ಮೇಯರ್ ರೇ ನೇಗಿನ್ ತಪ್ಪು ಅಂದ. ಇನ್ನೊಬ್ಬ ಲೂಯಿಸಿಯಾನಾ ರಾಜ್ಯದ ಗವರ್ನರ್ ಕ್ಯಾಥ್ಲೀನ್ ಬ್ಲಾಂಕೊ ಅಂದ. ಮೂರನೆಯಾಕೆ ಬುಷ್ ಅಂದಳು. ಯಾರು ಯಾರ ಹೆಸರು ಹೇಳುತ್ತಾರೆ ಅನ್ನೋದು ಅವರ ವೋಟು ಎಲ್ಲಿ ಬೀಳುತ್ತೆ ಅನ್ನೋದರ ಮೇಲೆ. ಅದು ಹಳೆಯ ಕಥೆ, ಬಿಡಿ.

ನನಗೆ ಕಿರಿಕಿರಿ ಆಗಿದ್ದು, ಮೂವರು ಹೇಳಿದ್ದೂ ನಿಜ ಅನ್ನೋದಕ್ಕೆ.

ಬಿರುಗಾಳಿ ಬಡಿದಿದ್ದು ಸೋಮವಾರ ಬೆಳಗ್ಗೆ. ಶನಿವಾರ ರಾತ್ರಿಯೇ ರಾಷ್ಟ್ರೀಯ ಹರಿಕೇನ್ ಕೇಂದ್ರದ ಮುಖ್ಯಸ್ಥ ಮ್ಯಾಕ್ಸ್ ಮೇಫೀಲ್ಡ್ ಖುದ್ದು ಫೋನ್ ಮಾಡಿ ಎಚ್ಚರಿಸಿದ್ದರು. ಆದರೂ ಮೇಯರ್ 'ಎಲ್ಲರೂ ಊರು ಬಿಡಲೇಬೇಕು' ಅಂತ ಆದೇಶ ಕೊಟ್ಟಿದ್ದು ಭಾನುವಾರ. ಕಾರಿಲ್ಲದ ಜನವೇ ಸುಮಾರು 1 ಲಕ್ಷ. ಬಸ್ಸಿತ್ತು, ಡ್ರೈವರ್‌ಗಳಿರಲಿಲ್ಲ. ಆಮೇಲೆ ಗವರ್ನರ್ ಬಸ್ಸು ಕೇಳಿದರು. ಫೀಮಾದವರು, ಅಂದ್ರೆ ಕೇಂದ್ರದ ವಿಪತ್ತು ಸಂಸ್ಥೆಯವರು, ಕಳಿಸ್ತೀವಿ ಅಂದರು. ಆ ಬಸ್ಸಿಗೆ ಆದೇಶ ಹೊರಟಿದ್ದು ಬುಧವಾರ ನಸುಕಿನಲ್ಲಿ. ಇತ್ತ ಒಬ್ಬ ಹುಡುಗ ಯಾರನ್ನೂ ಕೇಳದೆ ಒಂದು ಸ್ಕೂಲ್ ಬಸ್ ಎತ್ತಿಕೊಂಡು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಹತ್ತಿಸಿಕೊಂಡು, ನೇರ ನಮ್ಮೂರಿನ ಸ್ಟೇಡಿಯಂ ಆಸ್ಟ್ರೋಡೋಮ್‌ಗೆ ಬಂದ. ಸರ್ಕಾರದ ಬಸ್ಸುಗಳಿಗಿಂತ ಮೊದಲೇ ಬಂದ. ಕದ್ದ ಬಸ್ ಅಂತ ಆಗ ಟಿವಿಯಲ್ಲಿ ಬಂದಿತ್ತು.

ಅಲ್ಲಿ ನ್ಯೂ ಆರ್ಲಿಯನ್ಸಿನ ಕನ್ವೆನ್ಷನ್ ಸೆಂಟರಿನಲ್ಲಿ ಸಾವಿರಾರು ಜನ ಅನ್ನ ನೀರಿಲ್ಲದೆ ಕೂತಿದ್ದರು. ಟಿವಿ ಕ್ಯಾಮೆರಾಗಳು ಅಲ್ಲೇ ಇದ್ದವು. ಗುರುವಾರ ಒಳನಾಡು ಭದ್ರತಾ ಸಚಿವ ಮೈಕಲ್ ಚೆರ್ಟಾಫ್ ರೇಡಿಯೋದಲ್ಲಿ, ಅಂಥ ವರದಿಯೇ ನನಗೆ ಬಂದಿಲ್ಲ ಅಂದರು. ಫೀಮಾ ಮುಖ್ಯಸ್ಥ ಮೈಕಲ್ ಬ್ರೌನ್, ನನಗೆ ಇವತ್ತೇ ಗೊತ್ತಾಗಿದ್ದು ಅಂದರು. ಬ್ರೌನ್ ಅದಕ್ಕೂ ಮೊದಲು ಅರಬ್ಬೀ ಕುದುರೆಗಳ ಸಂಘದಲ್ಲಿ ಅಧಿಕಾರಿಯಾಗಿದ್ದವರು. ಸೂಪರ್‌ಡೋಮಿನ ಒಳಗೆ ಸಿಕ್ಕಿಕೊಂಡಿದ್ದ ಫೀಮಾ ಅಧಿಕಾರಿ ಮಾರ್ಟಿ ಬಹಾಮಂಡಿ, ಬ್ರೌನ್ ಅವರಿಗೆ ಪರಿಸ್ಥಿತಿ ಕೈ ಮೀರಿದೆ ಅಂತ ಇಮೇಲ್ ಬರೆದರೆ, ಅದೇ ದಿನ ಬ್ರೌನ್ ಅವರ ಸಹಾಯಕರ ಇಮೇಲಿನಲ್ಲಿದ್ದ ಚಿಂತೆ ಏನು ಗೊತ್ತಾ? ರಾಜ್ಯದ ರಾಜಧಾನಿ ಬ್ಯಾಟನ್ ರೂಜ್‌ನ ಹೋಟೆಲುಗಳಲ್ಲಿ ರಶ್ ಜಾಸ್ತಿಯಾಗ್ತಿದೆ, ಸಾಹೇಬರ ರಾತ್ರಿ ಊಟಕ್ಕೆ ಸಾಕಷ್ಟು ಟೈಮ್ ಬಿಡಬೇಕು ಅಂತ. ಸೆನೆಟ್ ವಿಚಾರಣೆಯಲ್ಲಿ ಬಂದ ಕಾಗದ ಇದು. ಎರಡು ದಿನ ಕಳೆದ ಮೇಲೆ ಬುಷ್ ಕ್ಯಾಮೆರಾ ಮುಂದೆ ಬ್ರೌನ್ ಬೆನ್ನು ತಟ್ಟಿದರು. ಸೆಪ್ಟೆಂಬರ್ 12ಕ್ಕೆ ಬ್ರೌನ್ ರಾಜೀನಾಮೆ ಕೊಟ್ಟರು. ದೇಶಕ್ಕೆ ಒಂದು ಮುಖ ಸಿಕ್ಕಿತು. ಆಮೇಲೆ ಹುಡುಕಾಟ ನಿಂತ ಹಾಗೆಯೇ.

ನಾನು ಈ ಮಾತು ಆಡಲಿಲ್ಲ. ಡಬ್ಬ ತೊಳೆದುಕೊಂಡು ಬಂದೆ.

ಸಂಜೆ ಹಬ್ಬದ ಉಳಿಕೆ ತಗೊಂಡು ಟೀಚರಮ್ಮನ ಮನೆಗೆ ಹೋದೆ. ಟೀಚರಮ್ಮ ಅಂದ್ರೆ ಗೊತ್ತಲ್ಲ, ಕಳೆದ ದಸರಾಕ್ಕೆ ಗೊಂಬೆ ನೋಡೋಕೆ ಬಂದು ಚಂದನದ ಬೊಂಬೆ ಮುಂದೆ ಕೂತು ಎದ್ದೇಳದೇ ಇದ್ದವರು. ನ್ಯೂ ಆರ್ಲಿಯನ್ಸಿನ ಜೆಂಟಿಲಿಯವರು. ಅಲ್ಲಿ ಮಿಡ್ಲ್ ಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. 2005ರಲ್ಲಿ ಆಸ್ಟ್ರೋಡೋಮ್‌ಗೆ ಬಂದವರು ಇಲ್ಲೇ ಉಳಿದರು. ಕಡುಬು ಖಾಲಿಯಾಗಿತ್ತು, ಕೇಸರಿಬಾತ್ ಇತ್ತು. ಇವಳು ಕೈ ತುಂಬ ತುಪ್ಪ ಸುರಿದು ಮಾಡಿದ್ದು.

ಅವರ ಮನೆಯಲ್ಲಿ ಟಿವಿ ಆಫ್. ಈ ವಾರ ಪೂರ್ತಿ ಹಾಕಲ್ಲವಂತೆ. ನಾನು ಕ್ಯಾಂಟೀನ್ ಜಗಳ ಹೇಳಿದೆ. ನಕ್ಕರು. "ಬಸ್ಸು, ಬಸ್ಸು, ಬಸ್ಸು. ಎಲ್ಲರಿಗೂ ಬಸ್ಸು ಕಾಣುತ್ತೆ, ಯಾಕೆ ಹೇಳು? ಫೋಟೋ ಚೆನ್ನಾಗಿ ಬಂದಿದೆ" ಅಂದರು.

ಆಮೇಲೆ ತಾವಾಗಿಯೇ ಆ ದಿನದ ವಿಷಯ ಎತ್ತಿದರು. ಇಷ್ಟು ವರ್ಷದಲ್ಲಿ ಅಷ್ಟು ಉದ್ದಕ್ಕೆ ಹೇಳಿದ್ದು ಇವತ್ತೇ. ಗಾಳಿ ಇಳಿಯುತ್ತಾ ಬಂದಿತ್ತಂತೆ. ಗಂಡ ಮುಂದಿನ ಬಾಗಿಲು ತೆಗೆದು, ಪರವಾಗಿಲ್ಲ, ಮರ ಒಂದು ಬಿದ್ದಿದೆ ಅಷ್ಟೆ ಅಂದರಂತೆ. ಗ್ಯಾಸ್ ಒಲೆ ಮೇಲೆ ಕಾಫಿಗಿಟ್ಟರು. ಆಗ ರಸ್ತೆಯ ಚರಂಡಿ ಬಾಯಿಂದ ನೀರು ಗುಳುಗುಳು ಅಂತ ಮೇಲೆ ಬಂತು. ಮಳೆ ನೀರು ಇಳಿದು ಹೋಗಬೇಕಾದ ಜಾಗದಿಂದ ನೀರು ಎದ್ದು ಬರ್ತಿದೆ. ಕಾಫಿ ಕುದಿಯೋದರೊಳಗೆ ಅಂಗಳದಲ್ಲಿತ್ತು. ಆಲ್ಬಮ್ಮುಗಳನ್ನು ಅಡುಗೆಮನೆಯ ಮೇಲಿನ ಶೆಲ್ಫಿಗೆ ಇಟ್ಟರಂತೆ. ಆಮೇಲೆ ಆ ಶೆಲ್ಫೂ ಸಿಗಲಿಲ್ಲ. ಅಟ್ಟ ಹತ್ತಿ, ಅಟ್ಟದಿಂದ ಹಂಚಿನ ಮೇಲೆ. ಮರುದಿನ ಯಾರದೋ ಮೀನು ಹಿಡಿಯೋ ದೋಣಿ ಬಂತು.

"ಬಿರುಗಾಳಿ ನಮ್ಮನೆ ಮುಳುಗಿಸಲಿಲ್ಲ" ಅಂದರು. "ಗೋಡೆ ಮುಳುಗಿಸಿತು."

ಅವರ ಮನೆ ಲಂಡನ್ ಅವೆನ್ಯೂ ಕಾಲುವೆಯಿಂದ ಕೆಲವು ಬೀದಿ ಆಚೆ. ಆ ಕಾಲುವೆಯ ಏರಿ ಮೇಲಿನ ಕಾಂಕ್ರೀಟ್ ಗೋಡೆ ಎರಡು ಕಡೆ ಹೋಯಿತು. 17ನೇ ಬೀದಿ ಕಾಲುವೆಯ ಗೋಡೆಯೂ ಹೋಯಿತು. ಒಟ್ಟು 50ಕ್ಕೂ ಹೆಚ್ಚು ಕಡೆ ಏರಿ ಒಡೆದು, ಊರಿನ ಶೇಕಡ 80 ಭಾಗ ನೀರಲ್ಲಿ ನಿಂತಿತು. ಈ ಎರಡೂ ಕಾಲುವೆಗಳಲ್ಲಿ ನೀರು ಗೋಡೆ ಹತ್ತಿ ಚೆಲ್ಲಿದ್ದಲ್ಲ. ಗೋಡೆಯ ತುದಿಗಿಂತ ಕೆಳಗೇ ಇತ್ತು.

ಟೀಚರಮ್ಮ ಎದ್ದು ಹೋಗಿ ಒಂದು ಚಮಚ ತಂದರು. ತಿನ್ನೋಕೆ ಅಂದುಕೊಂಡೆ. ಕೇಸರಿಬಾತಿನ ಡಬ್ಬದಲ್ಲಿ ಚಮಚವನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿದರು. ಮೇಲಿನ ತುದಿಗೆ ಬೆರಳಿಟ್ಟು ಮೆಲ್ಲಗೆ ತಳ್ಳಿದರು. ಮೊದಲು ಚಮಚದ ಹಿಂದೆ ಒಂದು ಸಣ್ಣ ಸಂದು ಬಿತ್ತು. ಆಮೇಲೆ ಚಮಚದ ಜೊತೆ ಮುಂದಿನ ಕೇಸರಿಬಾತೂ ಹಾಗೇ ಜರುಗಿತು. "ಚಮಚ ಮುರೀತಾ? ಇಲ್ಲ ಅಲ್ವಾ? ಆ ಸಂದಿಗೆ ನೀರು ಇಳೀತು. ಗೋಡೆ ಗಟ್ಟಿಯಾಗೇ ಇತ್ತು. ಕೆಳಗಿನ ಮಣ್ಣು ಜಾರಿತು" ಅಂದರು. ಇಪ್ಪತ್ತು ವರ್ಷ ಆದರೂ ಟೀಚರ್ ಟೀಚರೇ.

ಅವರು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಏನಿಲ್ಲ. ಮನೆಗೆ ಬಂದು ಹಳೆಯ ವರದಿಗಳನ್ನೆಲ್ಲ ತೆಗೆದೆ. ಗೋಡೆಯ ಕೆಳಗೆ ಮಣ್ಣಿಗೆ ಬಡಿಯುವ ಉಕ್ಕಿನ ಹಲಗೆಗಳು ಎಷ್ಟು ಆಳ ಇಳಿಯಬೇಕು ಅನ್ನೋದು ಎಲ್ಲದಕ್ಕೂ ಮೂಲ. 1980ರ ದಶಕದಲ್ಲಿ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್, ಅಂದ್ರೆ ಈ ಗೋಡೆ ಕಟ್ಟಿದ ಸೇನೆಯ ಎಂಜಿನಿಯರುಗಳ ವಿಭಾಗ, ಒಂದು ಪರೀಕ್ಷೆ ಮಾಡಿತು. ಅದರ ಫಲಿತಾಂಶವನ್ನು ತಪ್ಪಾಗಿ ಓದಿ, 17 ಅಡಿ ಸಾಕು ಅಂದುಕೊಂಡಿತು. ಬೇಕಿದ್ದದ್ದು 31ರಿಂದ 46 ಅಡಿ. ಇದರಿಂದ ದುಡ್ಡು ಉಳಿಯಿತು, ಸುಮಾರು 10 ಕೋಟಿ ಡಾಲರ್. ಈ ಕೆಲಸ ಶುರುವಾದದ್ದೇ 1965ರಲ್ಲಿ ಬೆಟ್ಸಿ ಅನ್ನೋ ಚಂಡಮಾರುತ ಊರು ಮುಳುಗಿಸಿದ ಮೇಲೆ. 1978ಕ್ಕೆ ಮುಗಿಸ್ತೀವಿ ಅಂದಿದ್ದರು. 2005ರಲ್ಲೂ ಮುಗಿದಿರಲಿಲ್ಲ.

ಈಗ ಹೇಳಿ, ಇದರಲ್ಲಿ ಯಾವ ಮುಖವನ್ನು ಟಿವಿಯಲ್ಲಿ ತೋರಿಸೋದು? ಆ ಪರೀಕ್ಷೆ ಓದಿದವರು ಆಗಲೇ ರಿಟೈರ್ ಆಗಿರುತ್ತಾರೆ. ದುಡ್ಡು ಉಳಿದಾಗ ಶಹಬ್ಬಾಸ್ ಅಂದವರೂ ಸಹ. ಊಟದ ಚಿಂತೆ ಮಾಡಿದ ಬ್ರೌನ್ ಸುಲಭ. ನೀರಲ್ಲಿ ನಿಂತ ಬಸ್ಸು ಇನ್ನೂ ಸುಲಭ. 17 ಅಡಿಯ ಹಲಗೆ ಮಣ್ಣೊಳಗಿದೆ, ಫೋಟೋ ತೆಗೆಯೋಕೆ ಆಗಲ್ಲ.

ಕೋರ್ ತಪ್ಪೊಪ್ಪಿಕೊಳ್ಳಲಿಲ್ಲ ಅಂತೇನಿಲ್ಲ. 2006ರ ಜೂನ್‌ನಲ್ಲಿ ಅದರ ಮುಖ್ಯಸ್ಥ ಜನರಲ್ ಕಾರ್ಲ್ ಸ್ಟ್ರಾಕ್, ಹೊಣೆ ನಮ್ಮದು ಅಂತ ಬಾಯಿಬಿಟ್ಟು ಹೇಳಿದರು. ಆಯ್ತು, ಹೊಣೆ ನಿಮ್ಮದಾದರೆ ಪರಿಹಾರ ಕೊಡಿ ಅಂತ ಜನ ಸಾಲು ನಿಂತರು. 4 ಲಕ್ಷಕ್ಕೂ ಜಾಸ್ತಿ ಅರ್ಜಿ. ಒಬ್ಬ ಪುಣ್ಯಾತ್ಮ 3ರ ಮುಂದೆ 15 ಸೊನ್ನೆ ಹಾಕಿ ಅಷ್ಟು ಡಾಲರ್ ಕೇಳಿದ್ದ. ಸಿಟ್ಟಿಗೆ ಸೊನ್ನೆ ಹಾಕೋಕೆ ಕೂತರೆ ನಿಲ್ಲೋದೆಲ್ಲಿ?

2008ರ ಜನವರಿಯಲ್ಲಿ ನ್ಯಾಯಾಧೀಶ ಸ್ಟ್ಯಾನ್‌ವುಡ್ ಡುವಾಲ್ ಕೋರನ್ನು ಚೆನ್ನಾಗಿ ಬೈದರು. ಬೈದು, ಕಾಲುವೆ ಗೋಡೆಗಳ ಕೇಸನ್ನು ವಜಾ ಮಾಡಿದರು. ಅವರ ಕೈ ಕಟ್ಟಿದ್ದು 1928ರ ಒಂದು ಕಾನೂನು. ಅದಕ್ಕೂ ಹಿಂದಿನ ವರ್ಷ ಮಿಸಿಸಿಪ್ಪಿ ಉಕ್ಕಿ ಹರಿದಿತ್ತು. ಪ್ರವಾಹ ತಡೆಯೋ ಕೆಲಸವನ್ನು ಕೇಂದ್ರ ವಹಿಸಿಕೊಂಡಿತು. ವಹಿಸಿಕೊಳ್ಳುವಾಗಲೇ ಒಂದು ಸಾಲು ಸೇರಿಸಿತು. ಪ್ರವಾಹದ ನೀರಿನಿಂದ ಎಲ್ಲಿ ಏನೇ ನಷ್ಟವಾದರೂ ಅಮೆರಿಕ ಸರ್ಕಾರದ ಮೇಲೆ ಯಾವ ಬಾಧ್ಯತೆಯೂ ಇಲ್ಲ ಅಂತ. ನಾವು ಕಟ್ಟುತ್ತೇವೆ, ಒಡೆದರೆ ನಮ್ಮನ್ನು ಕೇಳಬೇಡಿ.

"ನಾಲಿಗೆ ಮೇಲೆ ಹೊಣೆ, ಕಾಗದದ ಮೇಲೆ ಇಲ್ಲ" ಅಂದಿದ್ದರು ಟೀಚರಮ್ಮ, ಕೇಸರಿಬಾತನ್ನು ಅದೇ ಚಮಚದಲ್ಲಿ ಸರಿ ಮಾಡುತ್ತಾ. ಆಮೇಲೆ ತಿಂದರು. ತುಪ್ಪ ಜಾಸ್ತಿ ಅಂದರು. ಇವಳಿಗೆ ಹೇಳಿಲ್ಲ.

ಅಮ್ಮ ಫೋನ್ ಮಾಡಿದ್ದಳು. ಗಣಪತಿ ಬಿಟ್ರಾ, ಎಲ್ಲಿ ಬಿಟ್ರಿ ಅಂತ. ಬಕೆಟ್‌ನಲ್ಲಿ ಅಂದೆ. ಬೇಜಾರು ಮಾಡಿಕೊಂಡಳು.

ಮತ್ತೆ ತಲೆ ಅಲ್ಲೇ ಹೋಗ್ತಿದೆ. ಈ ಜುಲೈ 4ಕ್ಕೆ ನಮ್ಮದೇ ಟೆಕ್ಸಸ್ ರಾಜ್ಯದಲ್ಲಿ ಗ್ವಾಡಲೂಪೆ ನದಿ ಉಕ್ಕಿ 100ಕ್ಕೂ ಹೆಚ್ಚು ಜನ ಹೋದರು. ಬೇಸಿಗೆ ಶಿಬಿರಕ್ಕೆ ಹೋಗಿದ್ದ ಪುಟ್ಟ ಹೆಣ್ಣುಮಕ್ಕಳೂ ಹೋದರು. ನದಿ ದಂಡೆಯಲ್ಲಿ ಸೈರನ್ ಯಾಕಿರಲಿಲ್ಲ ಅಂತ ಪ್ರಶ್ನೆ ಎದ್ದಾಗ ಗವರ್ನರ್ ಗ್ರೆಗ್ ಅಬಾಟ್ ಏನಂದರು? ಯಾರ ತಪ್ಪು ಅಂತ ಕೇಳೋದು ಸೋಲುವವರ ಭಾಷೆ ಅಂದರು. ಫುಟ್‌ಬಾಲ್ ಉದಾಹರಣೆ ಕೊಟ್ಟರು. ಗೆಲ್ಲೋ ಟೀಮ್ ತಪ್ಪು ಹುಡುಕುತ್ತಾ ಕೂರಲ್ಲವಂತೆ. ಅವತ್ತು ಟಿವಿ ಮುಂದೆ ಪುಟ್ಟಿಯೂ ಇದ್ದಳು. ನನಗೆ ಬಂದ ಸಿಟ್ಟಿಗೆ ರಿಮೋಟ್ ಎಸೆಯದೇ ಇದ್ದದ್ದು ಅವಳಿದ್ದಾಳೆ ಅಂತಲೇ. ಹೋದ ವರ್ಷ ಬೆರಿಲ್ ಚಂಡಮಾರುತ ಬಂದಾಗಲೂ ಇದೇ. ಇಲ್ಲಿ ಕರೆಂಟಿಲ್ಲದೆ ಫ್ರಿಜ್ಜಿನ ಹಾಲು ಒಡೀತಿದೆ. ಅಲ್ಲಿ ಅಧ್ಯಕ್ಷ ಬೈಡನ್, ಗವರ್ನರನ್ನು ಸಂಪರ್ಕಿಸೋಕೆ ನೋಡಿದೆ, ಸಿಗಲಿಲ್ಲ ಅಂತಾರೆ. ವಿದೇಶ ಪ್ರವಾಸದಲ್ಲಿದ್ದ ಗವರ್ನರ್ ಅದು ಸುಳ್ಳು ಅಂತಾರೆ. ಕೆಳಗಿನವರು ಕೇಳಬೇಕು, ಆಮೇಲೆ ಮೇಲಿನವರು ಕೊಡಬೇಕು ಅನ್ನೋದು ಈ ದೇಶದ ಕ್ರಮ. ಕೇಳಿದ್ದು ಯಾವಾಗ ಅನ್ನೋದೇ ಪ್ರತಿ ಸಲದ ಜಗಳ.

ಕತ್ರಿನಾ ಆದ ಮೇಲೆ, 2006ರಲ್ಲಿ, ಇದನ್ನು ಸ್ವಲ್ಪ ಸಡಿಲ ಮಾಡಿದರು. ಕೇಳೋವರೆಗೆ ಕಾಯದೆ ಫೀಮಾ ನೆರವು ಕಳಿಸಬಹುದು ಅಂತಾಯಿತು. ವಿಪತ್ತು ನಿರ್ವಹಣೆ ಗೊತ್ತಿರುವವರೇ ಅದರ ಮುಖ್ಯಸ್ಥರಾಗಬೇಕು ಅಂತಲೂ ಕಾನೂನಾಯಿತು. 2025ರಲ್ಲಿ ಅಲ್ಲಿ ಹಂಗಾಮಿಯಾಗಿ ಕೂತಿದ್ದ ಡೇವಿಡ್ ರಿಚರ್ಡ್‌ಸನ್ ಅವರಿಗೆ ಆ ಹಿನ್ನೆಲೆ ಇರಲಿಲ್ಲ. ಈ ಸೋಮವಾರ ಫೀಮಾದ ಈಗಿನ ಮತ್ತು ಹಿಂದಿನ ನೌಕರರು 180ಕ್ಕೂ ಹೆಚ್ಚು ಜನ ಸೇರಿ, ಮತ್ತೆ ಕತ್ರಿನಾದಂಥ ಸ್ಥಿತಿ ತಂದುಕೊಳ್ತಿದ್ದೀರಿ ಅಂತ ಸಂಸತ್ತಿಗೆ ಪತ್ರ ಬರೆದರು. ಬಹಳಷ್ಟು ಜನ ಹೆಸರು ಹಾಕಿರಲಿಲ್ಲ. ಹೆಸರು ಹಾಕಿ ಸಹಿ ಮಾಡಿದ, ಇನ್ನೂ ಕೆಲಸದಲ್ಲಿದ್ದ ಹಲವರನ್ನು ಮಂಗಳವಾರವೇ ರಜೆ ಮೇಲೆ ಕಳಿಸಿದರು. ಇದಕ್ಕೆ ಮಾತ್ರ ಯಾರೂ ಯಾರನ್ನೂ ಕೇಳಿ ಕಾಯಲಿಲ್ಲ, ನೋಡಿ.

ಒಂದು ವಿಷಯ ಟೀಚರಮ್ಮನ ಹತ್ತಿರ ಹೇಳೋಕೆ ಮರೆತೆ. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಇಲ್ಲಿ ಆಡಿಕ್ಸ್, ಬಾರ್ಕರ್ ಜಲಾಶಯಗಳ ಹಿನ್ನೀರು ಜನರ ಮನೆಗೆ ನುಗ್ಗಿತಲ್ಲ, ಅವೂ ಇದೇ ಕೋರ್‌ನವರದ್ದು. ಆದರೆ ಹಿನ್ನೀರಿನ ಮನೆಯವರು 2019ರಲ್ಲಿ ಕೇಸು ಗೆದ್ದರು. ಹೇಗೆ ಅಂದ್ರೆ, ಅವರು ಸರ್ಕಾರ ತಪ್ಪು ಮಾಡಿತು ಅಂತ ವಾದಿಸಲೇ ಇಲ್ಲ. ನಿಮ್ಮ ನೀರು ನಿಲ್ಲಿಸೋಕೆ ನಮ್ಮ ಜಾಗ ತಗೊಂಡಿರಿ, ಬೆಲೆ ಕೊಡಿ ಅಂದರು. ತಪ್ಪು ಅಂದರೆ ಬಾಗಿಲು ಮುಚ್ಚಿದೆ. ತಪ್ಪಲ್ಲ, ಬೇಕು ಅಂತಲೇ ಮಾಡಿದಿರಿ ಅಂದರೆ ಬಾಗಿಲು ತೆರೆಯುತ್ತೆ!

ನ್ಯೂ ಆರ್ಲಿಯನ್ಸಿನ ಪಕ್ಕದ ಸೇಂಟ್ ಬರ್ನಾರ್ಡ್‌ನವರೂ ಹೀಗೇ ವಾದ ಹೂಡಿದ್ದರು, ಕೋರ್ ತೋಡಿದ ಹಡಗು ಕಾಲುವೆಯ ವಿಷಯದಲ್ಲಿ. 2015ರಲ್ಲಿ ಗೆದ್ದರು. 2018ರಲ್ಲಿ ಮೇಲಿನ ಕೋರ್ಟಲ್ಲಿ ಸೋತರು. ಆ ತೀರ್ಪು ತೆಗೆದು ಕೂತಿದ್ದೇನೆ. ಸರ್ಕಾರ ಏನಾದರೂ ಮಾಡಿದ್ದರೆ ಈ ದಾರಿಯಲ್ಲಿ ಕೇಳಬಹುದು, ಮಾಡದೇ ಬಿಟ್ಟದ್ದಕ್ಕೆ ಕೇಳೋ ಹಾಗಿಲ್ಲ ಅಂತಿದೆ. ಎರಡು ಸಲ ಓದಿದೆ. ಮಾಡದೇ ಬಿಟ್ಟದ್ದೇ ತಾನೆ ಇಲ್ಲಿ ಎಲ್ಲವೂ? ಹಲಗೆ ಆಳಕ್ಕೆ ಬಡಿಯದೇ ಇದ್ದದ್ದು, ಬಸ್ಸು ಕಳಿಸದೇ ಇದ್ದದ್ದು, ಸೈರನ್ ಹಾಕದೇ ಇದ್ದದ್ದು. ಹಾಗಿದ್ದರೆ ಇದನ್ನು ಯಾವ ಕೋರ್ಟಲ್ಲಿ, ಯಾವ ಹೆಸರಲ್ಲಿ... ಇನ್ನೂ ಅರ್ಧ ತೀರ್ಪು ಬಾಕಿ ಇದೆ. ನಾಳೆ ಶನಿವಾರ, ಕೂತು ಓದ್ತೀನಿ.