ಬಲ ಸಾಲದ್ದು ಕಲ್ಲಾರಿಗೆ ಮೊದಲೋ, ಆಮೇಲೋ?

ನೀಲಗಿರಿ ಬೆಟ್ಟದ ರೈಲಿನ ಎಕ್ಸ್ ಕ್ಲಾಸ್ ಉಗಿ ಲೋಕೊಗಳ ದುರಸ್ತಿ ನನಗೆ ಮೊದಲು ಕಲಿಸಿದ್ದು ಒಂದು ಪ್ರಶ್ನೆಯನ್ನು: ಚಾಲಕರು 'ಗಾಡಿಗೆ ಬಲ ಸಾಲದು' ಎಂದು ಬರೆದಾಗ, ಸ್ಪ್ಯಾನರ್ ಹಿಡಿಯುವ ಮುನ್ನ, ಅದು ಯಾವ ಸ್ಟೇಷನ್ನಿನಿಂದ ಶುರುವಾಯಿತು ಎಂದು ಕೇಳಬೇಕು.

ಕಾರಣ ಲೋಕೊದ ರಚನೆಯಲ್ಲೇ ಇದೆ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆ 1914ರಿಂದ 1952ರ ನಡುವೆ ಕಟ್ಟಿದ ಈ ಮೀಟರ್‌ಗೇಜ್ ಲೋಕೊಗಳಲ್ಲಿ ಕೆಳಗಿನ ಜೋಡಿ ಸಿಲಿಂಡರುಗಳು ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತವೆ. ಅವುಗಳ ಮೇಲೆ ಕೂತಿರುವ ಇನ್ನೊಂದು ಜೋಡಿ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚುವ ಪಿನಿಯನ್‌ಗಳನ್ನು, ಅಂದರೆ ಹಲ್ಲುಚಕ್ರಗಳನ್ನು, ತಿರುಗಿಸುತ್ತದೆ. ಮೆಟ್ಟುಪಾಳ್ಯದಿಂದ ಬೆಟ್ಟದ ಬುಡದ ಕಲ್ಲಾರ್ ಸ್ಟೇಷನ್ನಿನವರೆಗೆ, ಹೆಚ್ಚುಕಡಿಮೆ ಸಮತಟ್ಟಾದ ಹಾದಿಯಲ್ಲಿ, ಕೆಳಗಿನ ಜೋಡಿಯೊಂದೇ ದುಡಿಯುತ್ತದೆ ಮತ್ತು ಬಳಸಿದ ಉಗಿ ನೇರವಾಗಿ ಚಿಮಣಿ ಸೇರುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ, 12 ಅಡಿಗೆ 1 ಅಡಿಯಷ್ಟು ಕಡಿದಾಗುವ ಏರಿನಲ್ಲಿ, ಅದೇ ಉಗಿ ಮೇಲಿನ ಸಿಲಿಂಡರುಗಳಲ್ಲಿ ಇನ್ನೊಮ್ಮೆ ದುಡಿದು ಹೊರಬೀಳುತ್ತದೆ.

ಹೀಗಾಗಿ ಕಲ್ಲಾರಿನವರೆಗೆ ಸರಾಗವಾಗಿ ಬಂದ ಗಾಡಿ ಆಮೇಲೆ ಏದುಸಿರು ಬಿಟ್ಟರೆ, ಉಗಿಯನ್ನು ಮೇಲಕ್ಕೆ ತಿರುಗಿಸುವ ವಾಲ್ವ್, ಮೇಲಿನ ಸಿಲಿಂಡರುಗಳು ಮತ್ತು ಪಿನಿಯನ್‌ನ ಗೇರುಗಳನ್ನು ನೋಡಬೇಕು. ಅದಕ್ಕೂ ಮೊದಲು ಪ್ರೆಶರ್ ಗೇಜ್ ಎಷ್ಟು ತೋರಿಸುತ್ತಿತ್ತೆಂದು ವಿಚಾರಿಸುವುದು ಒಳ್ಳೆಯದು, ಏಕೆಂದರೆ ಏರಿನಲ್ಲಿ ಬಾಯ್ಲರಿನ ದೌರ್ಬಲ್ಯವೂ ಹೀಗೆಯೇ ಕಾಣುತ್ತದೆ.

ಹೆಚ್ಚು ದಾರಿ ತಪ್ಪಿಸುವುದು ಕೆಳಗಿನ ಸಿಲಿಂಡರುಗಳಲ್ಲಿ ಪಿಸ್ಟನ್ ದಾಟಿ ಉಗಿ ಸೋರದಂತೆ ತಡೆಯುವ ಪಿಸ್ಟನ್ ರಿಂಗುಗಳ ಸವೆತ. ಏರಿನಲ್ಲಿ ಅಲ್ಲಿ ಸೋರಿದ ಉಗಿ ಪೂರ್ತಿ ನಷ್ಟವಾಗುವುದಿಲ್ಲ; ಮೇಲಿನ ಸಿಲಿಂಡರುಗಳು ಅದನ್ನು ಬಳಸಿಕೊಳ್ಳುವುದರಿಂದ ದೋಷ ಅರ್ಧ ಮುಚ್ಚಿಹೋಗುತ್ತದೆ. ಸಮತಟ್ಟಿನಲ್ಲಿ ಅದೇ ಸೋರಿಕೆ ಚಿಮಣಿಯಲ್ಲಿ ಬಿಡಿಬಿಡಿಯಾಗಿ ಕೇಳಬೇಕಾದ ಸದ್ದನ್ನು ಎಳೆದಂತೆ ಮಾಡಿ ಬಯಲಾಗುತ್ತದೆ. ಎಲ್ಲರ ಕಣ್ಣೂ ಬೆಟ್ಟದ ಮೇಲೆಯೇ ಇರುತ್ತದೆ. ನನ್ನ ಮಟ್ಟಿಗೆ ಲೋಕೊದ ಆರೋಗ್ಯ ತಿಳಿಯಲು ಕಲ್ಲಾರಿಗೆ ಮುಂಚಿನ ಆ ಸಪ್ಪೆ ಹಾದಿಯೇ ಮೇಲು.

ಇಳಿಯುವಾಗಿನ ದೂರುಗಳ ಲೆಕ್ಕ ಬೇರೆ. ಆಗ ಸಿಲಿಂಡರುಗಳೇ ಗಾಳಿಯನ್ನು ಒತ್ತಿ ಬ್ರೇಕಿನಂತೆ ತಡೆಯೊಡ್ಡುವುದರಿಂದ, ಬಲದ ಕೊರತೆ ಹುಡುಕಲು ಬಿಚ್ಚಿದ ರಿಂಗು, ವಾಲ್ವುಗಳನ್ನು ಮತ್ತೆ ಜೋಡಿಸಿದ ಮೇಲೆ ಏರಿನ ಪರೀಕ್ಷೆಯೊಂದನ್ನೇ ನಂಬದೆ, ಇಳಿಜಾರಿನಲ್ಲಿ ಆ ತಡೆ ಸರಿಯಾಗಿ ಸಿಗುತ್ತಿದೆಯೇ ಎಂದು ಚಾಲಕರನ್ನು ಕೇಳಿದ ನಂತರವೇ ನಾನು ದೂರಿನ ಮುಂದೆ ಸಹಿ ಹಾಕುತ್ತೇನೆ.